ಪುಲಕೇಶಿ: ಹೆಸರಿನ ಮೂಲ, ರೂಪಗಳು, ಈಗಿನ ಬಳಕೆ

(ಇದು ಹಲವರು ಸೇರಿ ಬರೆದ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕಾಗುಣಿತ

ಇತಿಹಾಸದ ಪಾಠದಿಂದ ಮನೆಯೊಳಗೆ ಬಂದ ಗಂಡು ಹೆಸರುಗಳಲ್ಲಿ ಮಯೂರ, ವಿಕ್ರಮ ಧಾರಾಳವಾಗಿ ಕೇಳಿಸುತ್ತವೆ. ಪುಲಕೇಶಿ ಮಾತ್ರ ಹಾಜರಿ ಪುಸ್ತಕದಲ್ಲಿ ಅಪರೂಪ. ಬಾದಾಮಿಯ ಹೆಸರು ಬಂದಾಗಲೆಲ್ಲ ಎದೆಯುಬ್ಬಿಸುವ ನಾವು ಮಕ್ಕಳಿಗೆ ಈ ಹೆಸರಿಡಲು ಯಾಕೆ ಹಿಂಜರಿಯುತ್ತೇವೆ?

ತಿಳಿದವರು ಮೂರು ವಿಷಯ ಬರೆಯಿರಿ. ಪುಲಕೇಶಿಯೋ, ಪುಲಿಕೇಶಿಯೋ? ಅರ್ಥ ನಿಜಕ್ಕೂ ಏನು? ಈ ಹೆಸರಿನವರು ಎಷ್ಟು ಮಂದಿ ಇದ್ದಾರೆಂದು ತಿಳಿಯಲು ದಾರಿ ಇದೆಯೇ? ಮಗುವಿನ ಹೆಸರಿನ ಜಾಲತಾಣಗಳು ಕೊಡುವ ‘ಅರ್ಥ: ಮಹಾವೀರ, ಶುಭಸಂಖ್ಯೆ 5’ ಬೇಡ.

ಮೇಗುಟಿ

ಶಾಸನಗಳಿಂದಲೇ ಶುರು ಮಾಡೋಣ. ಚಾಲುಕ್ಯ ಅರಸ ಒಂದನೇ ಪುಲಕೇಶಿ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿದ್ದನ್ನು ಹೇಳುವ ಬಂಡೆಗಲ್ಲಿನ ಶಾಸನ ಶಕ 465ರದು, ಅಂದರೆ ಕ್ರಿ.ಶ. 543. ಆದರೆ ಅದರಲ್ಲಿ ಪುಲಕೇಶಿ ಎಂಬ ಹೆಸರೇ ಇಲ್ಲ. ‘ಚಲಿಕ್ಯೋ ವಲ್ಲಭೇಶ್ವರಃ’ ಎಂದಷ್ಟೇ ಇದೆ. ಅವನ ಕಾಲದ ಆ ಬರಹ ಬಿರುದನ್ನು ಕೊಟ್ಟು ಹೆಸರನ್ನು ಬಿಟ್ಟಿದೆ.

ಹೆಸರು ಚೆನ್ನಾಗಿ ಕಾಣುವುದು ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ಮೇಲೆ. ಕವಿ ರವಿಕೀರ್ತಿ ಇಮ್ಮಡಿ ಪುಲಕೇಶಿಯನ್ನು ಹೊಗಳಿ ಬರೆದ ಪ್ರಶಸ್ತಿ ಶಾಸನ, ಶಕ 556, ಅಂದರೆ 634-35. ಅಲ್ಲಿ ಅಜ್ಜ ಒಂದನೇ ಪುಲಕೇಶಿಗೂ ಮೊಮ್ಮಗ ಇಮ್ಮಡಿಗೂ ‘ಪೊಲೆಕೇಶಿ’ ಎಂದೇ ಇದೆ. ಬೇರೆ ದಾಖಲೆಗಳಲ್ಲಿ ಪುಲಕೇಶಿ, ಪುಲಿಕೇಶಿ, ಪೊಲಿಕೇಶಿ ಎಲ್ಲವೂ ಇವೆ. ಒಂದೇ ಮನೆತನದ ಬರಹಗಾರರೇ ನಾಲ್ಕು ರೀತಿ ಬರೆದಿರುವಾಗ ‘ಇದೊಂದೇ ಸರಿ’ ಎಂದು ಜಗಳ ಆಡುವುದರಲ್ಲಿ ಹುರುಳಿಲ್ಲ.

ಇನ್ನೊಂದು ಮಾತು. ಇಮ್ಮಡಿ ಪುಲಕೇಶಿಗೆ ಹುಟ್ಟಿನಿಂದ ಇದೇ ಹೆಸರಿತ್ತು ಎನ್ನಲಾಗದು. ಪೆದ್ದವಡುಗೂರು ಶಾಸನದಲ್ಲಿ ಅವನು ‘ಎಱೆಯತಿಯಡಿಗಳ್’. ಎಱೆಯ ಅಂದರೆ ಒಡೆಯ, ಅಚ್ಚಗನ್ನಡ ಪದ. ಪಟ್ಟಕ್ಕೆ ಬರುವ ಮುಂಚಿನ ಹೆಸರು ಎಱೆಯ, ಪಟ್ಟವೇರಿದಾಗ ಅಜ್ಜನ ಹೆಸರು ತಾಳಿದ ಎಂಬುದು ಶಾಸನತಜ್ಞ ಕೆ. ವಿ. ರಮೇಶರ ಊಹೆ. ನನಗೂ ಒಪ್ಪಿಗೆಯಾಗುವ ಊಹೆ ಅದು.

ಲಘುಗುರು

ಮೇಗುಟಿಯವರು ಹೇಳಿದ ‘ಪೊಲೆಕೇಶಿ’ಯನ್ನು ಸ್ವಲ್ಪ ಬಿಡಿಸುತ್ತೇನೆ. ಅರ್ಥದ ಕೀಲಿ ಇರುವುದು ಅಲ್ಲೇ.

ಆ ಕಾಲದ ಲಿಪಿಯಲ್ಲಿ ಎ-ಏ, ಒ-ಓ ಬೇರೆ ಬೇರೆ ಚಿಹ್ನೆಗಳಲ್ಲ. ಕಲ್ಲನ್ನು ನೋಡಿ ಮಾತ್ರ ‘ಪೊಲೆ’ಯೋ ‘ಪೋಲೇ’ಯೋ ಹೇಳಲಾಗದು. ಛಂದಸ್ಸು ಹೇಳುತ್ತದೆ. ಪದ್ಯದ ಸಾಲು: ‘ಲಕ್ಷ್ಮ್ಯಾ ಕಿಲಾಭಿಲಷಿತೇ ಪೊಲೆಕೇಶಿನಾಮ್ನಿ’. ವೃತ್ತ ವಸಂತತಿಲಕ, ಗಣಗಳು ತ-ಭ-ಜ-ಜ-ಗ-ಗ. ಪ್ರಸ್ತಾರ ಹಾಕಿ: ‘ಲಕ್ಷ್ಮ್ಯಾಕಿ’ ತಗಣ, ‘ಲಾಭಿಲ’ ಭಗಣ, ‘ಷಿತೇಪೊ’ ಜಗಣ, ‘ಲೆಕೇಶಿ’ ಜಗಣ, ‘ನಾಮ್ನಿ’ ಎರಡು ಗುರು. ಪೊ, ಲೆ ಎರಡೂ ಲಘುವಾದರೆ ಮಾತ್ರ ಸಾಲು ನಿಲ್ಲುತ್ತದೆ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ. ಅಂದರೆ ಸಂಸ್ಕೃತ ಪದ್ಯದ ನಡುವೆ ರವಿಕೀರ್ತಿ ದೇಶೀ ಉಚ್ಚಾರಣೆಯನ್ನು ಹಾಗೇ ಇಟ್ಟಿದ್ದಾನೆ. ಕಾಳಿದಾಸ, ಭಾರವಿಯರಿಗೆ ಸಮ ಎಂದು ಹೇಳಿಕೊಂಡ ಕವಿ ಛಂದಸ್ಸಿನಲ್ಲಿ ಎಡವಿದ ಎನ್ನಲು ಬರುವುದಿಲ್ಲ.

ಹಾಗಾದರೆ ಮೊದಲ ಭಾಗ ಸಂಸ್ಕೃತವಲ್ಲ, ಎರಡನೆಯದು ಸಂಸ್ಕೃತದ ‘ಕೇಶಿನ್’. ಶಾಸನತಜ್ಞ ಜೆ. ಎಫ್. ಫ್ಲೀಟ್ ಹೇಳಿದ್ದೂ ಇದೇ: ಪುಲಿ + ಕೇಶಿ, ಹುಲಿಯಂತೆ ಗಿಡ್ಡವಾದ ದಟ್ಟ ಕೂದಲುಳ್ಳವನು. ಕನ್ನಡ-ಸಂಸ್ಕೃತ ಬೆರಕೆ.

ಇದಕ್ಕೆ ಎದುರಾಗಿ ಎರಡು ವಾದಗಳಿವೆ. ಮೊದಲನೆಯದು ಪುಲಕ + ಕೇಶಿ, ಪುಳಕದಿಂದ ಕೂದಲು ನಿಮಿರಿದವನು. ತೊಡಕೇನೆಂದರೆ ಕೂಡಿಸಿದಾಗ ‘ಪುಲಕಕೇಶಿ’ ಆಗಬೇಕು, ಒಂದು ಕಕಾರ ಜಾರಿಹೋಯಿತು ಎನ್ನಬೇಕಾಗುತ್ತದೆ. ಒತ್ತೊತ್ತಿಗೆ ಬರುವ ಒಂದೇ ಅಕ್ಷರ ಹಾಗೆ ಜಾರುವುದುಂಟು, ಅಸಾಧ್ಯವಲ್ಲ. ಎರಡನೆಯದು ಇತಿಹಾಸಕಾರ ಕೆ. ಎ. ನೀಲಕಂಠ ಶಾಸ್ತ್ರಿಗಳ ‘ಮಹಾಸಿಂಹ’. ಕೇಶಿನ್ ಅಂದರೆ ಕೇಸರವುಳ್ಳದ್ದು, ಸಿಂಹ. ಕೇಳಲು ಗಂಭೀರವಾಗಿದೆ, ಆದರೆ ‘ಪೊಲೆ’ ರೂಪವನ್ನು ಅದು ವಿವರಿಸುವುದಿಲ್ಲ.

ನನ್ನ ತೂಕ ಫ್ಲೀಟ್ ಕಡೆಗೆ.

ಮಲಪ್ರಭೆ

ಅಲ್ರೀ ಲಘುಗುರು ಅವ್ರ, ಹುಲಿಗೆ ಕೂದಲ ಎಲ್ಲಿ ಐತ್ರೀ? ಕೇಶ ಅಂದ್ರ ತಲಿಕೂದಲ, ಮೈಮ್ಯಾಗಿನದು ರೋಮ. ಕುದುರಿಗೆ, ಸಿಂಹಕ್ಕ ಕೇಶಿ ಅನ್ನೂದು ಖರೆ, ಅವಕ್ಕ ಕುತ್ತಿಗಿ ಮ್ಯಾಲ ಕೂದಲ ಇರತೈತಿ. ಭಾಗವತದಾಗ ಕೃಷ್ಣ ಕೊಂದ ಕೇಶಿನೂ ಕುದುರಿ ರೂಪದ ರಾಕ್ಷಸನ. ಹುಲಿಗೆ ಅದು ಹೊಂದೂದಿಲ್ಲ.

ಮತ್ತ ಇನ್ನೊಂದು. ಪೊಲೆ ಅಂದ್ರ ಹಳಗನ್ನಡದಾಗ ಮೈಲಿಗಿ, ಮುಂದ ಹೊಲೆ ಆತು. ಅರಸ ತಾನಾಗಿ ಅಂಥಾ ಹೆಸರ ಇಟಗೊಂತಾನೇನ್ರೀ? ಅದಕ್ಕ ‘ಪೊಲೆ’ ಅನ್ನೂದನ್ನ ಮೂಲ ಅಂತ ಹಿಡಿಯೂದು ಯಾಕೋ ಕಷ್ಟ ಐತಿ.

ಲಘುಗುರು

ಎರಡನೆಯ ಆಕ್ಷೇಪ ಸರಿ. ಅದಕ್ಕೇ ‘ಪೊಲೆ’ಯನ್ನು ಆ ಪದ ಎಂದು ಯಾರೂ ಓದುವುದಿಲ್ಲ. ಪುಲಿ, ಪೊಲಿ, ಪೊಲೆ ಒಂದೇ ಹೆಸರಿನಲ್ಲಿ ಅದಲು ಬದಲಾಗಿ ಬರುವುದರಿಂದ ಇದು ಉಚ್ಚಾರಣೆಯ ಓಲಾಟ ಎಂದು ಹಿಡಿಯುತ್ತೇವೆ. ಹೊಳೆ, ಹೊಳಪು ಎಂಬ ಅರ್ಥ ತರಲು ಕೆಲವರು ‘ಪೊಳೆ’ಯನ್ನು ಎಳೆದು ತರುತ್ತಾರೆ. ಅದು ಆಗದು, ಶಾಸನದಲ್ಲಿರುವುದು ಲಕಾರ, ಳಕಾರವಲ್ಲ.

ಮೊದಲ ಆಕ್ಷೇಪ ಗಟ್ಟಿ. ಅದಕ್ಕೇ ಫ್ಲೀಟ್ ‘ಗಿಡ್ಡ ದಟ್ಟ’ ಎಂದು ಸುತ್ತಿ ಬಳಸಿ ಹೇಳಬೇಕಾಯಿತು.

ಮೇಗುಟಿ

ಹೊರಗಿನ ಸಾಕ್ಷಿಯೂ ಒಂದಿದೆ. ಸುಮಾರು 641ರಲ್ಲಿ ಇಮ್ಮಡಿ ಪುಲಕೇಶಿಯ ನಾಡಿಗೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಅರಸನ ಹೆಸರನ್ನು ನಾಲ್ಕು ಚೀನೀ ಅಕ್ಷರಗಳಲ್ಲಿ ಬರೆದಿದ್ದಾನೆ: ಪು-ಲೊ-ಕಿ-ಶೆ ಎಂದು ಹಳೆಯ ಪುಸ್ತಕಗಳು ಕೊಡುತ್ತವೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ಇಳಿಸುವಾಗ ಆ ಎರಡನೇ ಅಕ್ಷರವನ್ನು ಬಳಸುವುದು ನಮ್ಮ ‘ಲ’ ಅಥವಾ ‘ರ’ಕ್ಕೆ, ‘ಲಿ’ಗೆ ಅಲ್ಲ. ಹಾಗಾಗಿ ಅರಸ ಬದುಕಿದ್ದಾಗಲೇ ಕಿವಿಗೆ ಬಿದ್ದ ರೂಪ ಪುಲಕೇಶಿಗೆ ಹತ್ತಿರ. ಐಹೊಳೆಯ ರೂಪ ಪೊಲೆಕೇಶಿ. ‘ಪುಲಿ’ ಎಂದು ಸ್ಪಷ್ಟವಾಗಿ ಹುಲಿಯನ್ನು ತೋರಿಸುವ ರೂಪಕ್ಕೆ ಈ ಎರಡೂ ನೇರ ಬೆಂಬಲ ಕೊಡುವುದಿಲ್ಲ. ಅರ್ಥ ಹುಲಿಯೇ ಇರಬಹುದು, ಆದರೆ ಆಡುವ ಬಾಯಲ್ಲಿ ಅದು ಆಗಲೇ ಸವೆದಿತ್ತು.

ಕಾಗುಣಿತ

ಹುಲಿ ಎಂದೇ ಇಟ್ಟುಕೊಂಡರೆ ಒಂದು ಅನುಮಾನ. ಪುಲಿ ಹುಲಿಯಾಯಿತು, ಪಾಲು ಹಾಲಾಯಿತು. ಪುಲಿಕೇಶಿ ಯಾಕೆ ‘ಹುಲಿಕೇಶಿ’ ಆಗಲಿಲ್ಲ?

ಲಘುಗುರು

ಇಡೀ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಇದು. ಪದದ ಮೊದಲಿನ ಪಕಾರ ಹಕಾರವಾಗುವುದು ಹತ್ತನೇ ಶತಮಾನದ ಹೊತ್ತಿಗೆ ಬರಹದಲ್ಲಿ ಕಾಣಿಸಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ಹರಡಿ ಮುಗಿಯುತ್ತದೆ. ಜನರ ಬಾಯಲ್ಲಿದ್ದ ಹೆಸರುಗಳು ಅದಕ್ಕೆ ಸಿಕ್ಕಿ ಬದಲಾದವು. ಪುಲಿಗೆರೆ ಹುಲಿಗೆರೆಯಾಯಿತು, ಈಗಿನ ಲಕ್ಷ್ಮೇಶ್ವರ. ಪೊಂಬುಚ್ಚ ಹೊಂಬುಜವಾಗಿ ಹುಂಚವಾಯಿತು. ಪುಲಕೇಶಿ ಬದಲಾಗಲಿಲ್ಲ ಅಂದರೆ ಆ ಹೊತ್ತಿಗೆ ಅದನ್ನು ಕೂಗಿ ಕರೆಯುವವರೇ ಇರಲಿಲ್ಲ ಎಂದು ಅರ್ಥ. ಸಂಸ್ಕೃತ ಪದ ಎಂದು ಭಾವಿಸಿ ಪಕಾರ ಉಳಿಸಿಕೊಂಡಿರಬಹುದಲ್ಲ ಎನ್ನಬಹುದು. ಆದರೆ ಜನರ ಬಳಕೆಯಲ್ಲಿದ್ದಿದ್ದರೆ ಹುಲಿಕೇಶಿ, ಹುಲಿಕೇಸಿ ಎಂಬ ಊರ ಹೆಸರೋ ಮನೆತನದ ಹೆಸರೋ ಸಾಲು ಸಾಲಾಗಿ ಸಿಗಬೇಕಿತ್ತು.

ಮೇಗುಟಿ

ವಂಶಾವಳಿಯೂ ಅದನ್ನೇ ಹೇಳುತ್ತದೆ. ಹೆಸರು ಹೊತ್ತ ಪ್ರಸಿದ್ಧರು ಮೂವರು. ಒಂದನೇ ಪುಲಕೇಶಿ, ಅವನ ಮಗ ಕೀರ್ತಿವರ್ಮ, ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ. ಇಮ್ಮಡಿಯ ಮಗ ಧರಾಶ್ರಯ ಜಯಸಿಂಹವರ್ಮ ಗುಜರಾತಿನ ಭಾಗವನ್ನು ಆಳಿದ, ಅವನ ಮಗ ಅವನಿಜನಾಶ್ರಯ ಪುಲಕೇಶಿ. ಮೂರನೆಯವನೇ ತಾಜಿಕರ, ಅಂದರೆ ಅರಬರ, ದಂಡನ್ನು ತಡೆದವನು. ನವಸಾರಿ ತಾಮ್ರಪಟ, ಕಲಚುರಿ ವರ್ಷ 490, ಅಂದರೆ 738-39.

ಗಮನಿಸಿ, ಎರಡು ಸಲವೂ ಹೆಸರು ಹೋದದ್ದು ಅಜ್ಜನಿಂದ ಮೊಮ್ಮಗನಿಗೆ. ಇಂದಿಗೂ ನಮ್ಮಲ್ಲಿರುವ ಪದ್ಧತಿ. ಕವಲು ಕಡಿದರೆ ಹೆಸರೂ ಕಡಿಯುವುದು ಈ ಪದ್ಧತಿಯ ದೌರ್ಬಲ್ಯ. ಗುಜರಾತಿನ ಕವಲು ಅಷ್ಟಕ್ಕೇ ನಿಂತಿತು. ಬಾದಾಮಿಯ ಪಟ್ಟದಲ್ಲಿ ಮುಂದೆ ಬಂದವರು ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯ. ‘ಆದಿತ್ಯ’ದ ಗಾಳಿ ಬೀಸಿತ್ತು. 973ರಿಂದ ಆಳಿದ ಕಲ್ಯಾಣದ ಚಾಲುಕ್ಯರು ಹಳೆಯ ಹೆಸರುಗಳನ್ನು ಹುಡುಕಿ ಇಟ್ಟುಕೊಂಡರು: ಜಯಸಿಂಹ, ವಿಕ್ರಮಾದಿತ್ಯ. ಇಮ್ಮಡಿ ಪುಲಕೇಶಿಯ ಬಿರುದು ‘ಸತ್ಯಾಶ್ರಯ’ವನ್ನು ಕೂಡ ಹೆಸರಾಗಿ ಇಟ್ಟರು, 997ರಿಂದ 1008ರವರೆಗೆ ಆಳಿದ ಸತ್ಯಾಶ್ರಯ ಇಱಿವಬೆಡಂಗ. ಪುಲಕೇಶಿ ಎಂಬ ಹೆಸರಿನವನು ಮಾತ್ರ ಕಲ್ಯಾಣದ ಗದ್ದುಗೆ ಏರಲಿಲ್ಲ.

ಕಾರಣ ಏನಿರಬಹುದು? 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿ ಹಿಡಿದ, ಪುಲಕೇಶಿಯ ಕೊನೆ ಸೋಲಿನಲ್ಲಾಯಿತು. ಸೋತು ಸತ್ತವನ ಹೆಸರು ಅಪಶಕುನ ಎಂದು ಬಿಟ್ಟರು ಎಂದು ಕೆಲವರು ಹೇಳುವುದುಂಟು. ಅದು ನಿಲ್ಲದು. ಸೋಲಿನ ನಂತರ ಹುಟ್ಟಿದ ಮೊಮ್ಮಗನಿಗೇ ಅದೇ ಹೆಸರಿಟ್ಟಿದ್ದಾರಲ್ಲ.

ಮಲಪ್ರಭೆ

ಅಂದ್ರ ಈಗ ಇರೂ ಪುಲಕೇಶಿಗಳೆಲ್ಲ ಪುಸ್ತಕದಿಂದ ಎದ್ದು ಬಂದವ್ರು ಅನ್ರಿ.

ಮೇಗುಟಿ

ಹೌದ್ರಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ಲೀಟ್, ಕೀಲ್‌ಹಾರ್ನ್ ಐಹೊಳೆ ಶಾಸನವನ್ನು ಓದಿ ಅಚ್ಚು ಹಾಕಿದರು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. ಏಕೀಕರಣದ ದಿನಗಳಲ್ಲಿ ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದ ಕಥೆ ಭಾಷಣಕ್ಕೆ ಸಿಕ್ಕಿತು, 1956ರ ನಂತರ ಶಾಲೆಯ ಪಾಠಕ್ಕೆ. ಹೆಸರು ಮರಳಿ ಬಂದದ್ದು ಆ ದಾರಿಯಲ್ಲಿ. 1967ರಲ್ಲಿ ರಾಜ್‌ಕುಮಾರ್ ಅಭಿನಯದ ‘ಇಮ್ಮಡಿ ಪುಲಿಕೇಶಿ’ ಬಂದಾಗ ಇಕಾರದ ರೂಪಕ್ಕೂ ಬಲ ಸಿಕ್ಕಿತು. ಇಂದಿನ ಪುಲಕೇಶಿ-ಪುಲಿಕೇಶಿ ಗೊಂದಲದಲ್ಲಿ ಪಠ್ಯಪುಸ್ತಕದ್ದೊಂದು ಪಾಲು, ಚಿತ್ರದ ಭಿತ್ತಿಪತ್ರದ್ದೊಂದು ಪಾಲು.

ಪಕ್ಕದ ತಮಿಳಿನಲ್ಲಿ ಪುಲಿ ಈಗಲೂ ಪುಲಿಯೇ, ಹೆಸರು ಕೇಳಿದೊಡನೆ ಹುಲಿ ನೆನಪಾಗುತ್ತದೆ. ಆದರೆ 2006ರಲ್ಲಿ ವಡಿವೇಲು ಅಂಜುಬುರುಕ ರಾಜ ‘23ನೇ ಪುಲಿಕೇಸಿ’ಯಾಗಿ ನಟಿಸಿದ ಮೇಲೆ ಅಲ್ಲಿ ಈ ಹೆಸರಿಗೆ ನಗೆಯ ಲೇಪ ಹತ್ತಿದೆ. ಚೆನ್ನೈನಲ್ಲಿ ಓದು, ಕೆಲಸ ಎಂದು ಇರುವವರಿಗೆ ಇದು ಗೊತ್ತಿರಲಿ.

ಎಣಿಕೆಗಾರ

ಮೂರನೇ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದ ಈಚಿನ ಹೆಸರುಗಳ ಪಟ್ಟಿ ಕೊಡುತ್ತದೆ, ಒಂದು ವರ್ಷದಲ್ಲಿ ಐದು ಮಕ್ಕಳಿಗಾದರೂ ಇಟ್ಟ ಹೆಸರಾಗಿರಬೇಕು. ಇಂಗ್ಲೆಂಡಿನ ಪಟ್ಟಿಗೆ ಮೂರು ಸಾಕು. ಭಾರತದಲ್ಲಿ ಅಂಥ ಅಧಿಕೃತ ಪಟ್ಟಿಯೇ ಇಲ್ಲ, ಜನಗಣತಿ ಹೆಸರುಗಳನ್ನು ಪ್ರಕಟಿಸುವುದಿಲ್ಲ. ‘ಜನಪ್ರಿಯತೆ: 72%’ ಎಂದು ತೋರಿಸುವ ಜಾಲತಾಣಗಳು ತಮ್ಮ ಪುಟಕ್ಕೆ ಬಂದವರ ಒತ್ತುಗಳನ್ನು ಎಣಿಸುತ್ತಿರುತ್ತವೆ, ಇಲ್ಲವೇ ಸುಮ್ಮನೆ ಅಂಕಿ ಹಾಕಿರುತ್ತವೆ.

ಉಳಿದಿರುವುದು ಮತದಾರರ ಪಟ್ಟಿ, ಆಯ್ಕೆಪಟ್ಟಿಗಳು, ಗೆಜೆಟ್. ಇವುಗಳಲ್ಲಿ ಹುಡುಕುವಾಗ ಎಲ್ಲಿ ಕೈ ಕೊಡುತ್ತದೆ ಎಂದು ಹೇಳುತ್ತೇನೆ.

ಮತದಾರರ ಪಟ್ಟಿಯ ಪಿಡಿಎಫ್ ಬಹುಪಾಲು ಚಿತ್ರರೂಪದಲ್ಲಿರುತ್ತದೆ. ಹುಡುಕುವ ಕಿಂಡಿಗೆ ಹೆಸರು ಹಾಕಿದರೆ ‘ಇಲ್ಲ’ ಎನ್ನುತ್ತದೆ, ಇಲ್ಲದ್ದರಿಂದಲ್ಲ, ಅಲ್ಲಿ ಅಕ್ಷರಗಳೇ ಇಲ್ಲದ್ದರಿಂದ. ಮೊದಲು ಅಕ್ಷರ ಗುರುತಿಸುವ ತಂತ್ರಾಂಶದಿಂದ ಹಾಯಿಸಬೇಕು. ಮಸುಕು ಮುದ್ರಣದಲ್ಲಿ ‘ಪು’ ‘ವು’ ಆಗುತ್ತದೆ, ‘ಷು’ವೂ ಆಗುತ್ತದೆ. ಹಾಗಾಗಿ ಪೂರ್ತಿ ಹೆಸರು ಹುಡುಕಬೇಡಿ, ‘ಕೇಶಿ’, ‘ಕೇಶೀ’, ‘ಕೇಸಿ’, ‘ಕೇಷಿ’ ನಾಲ್ಕನ್ನೂ ಹುಡುಕಿ, ಸಿಕ್ಕಿದ್ದನ್ನು ಕಣ್ಣಾರೆ ನೋಡಿ. ಸುಕೇಶಿನಿಯಂಥ ಹೆಸರುಗಳನ್ನು ಕೈಯಿಂದ ತೆಗೆಯಬೇಕಾಗುತ್ತದೆ.

‘ನುಡಿ’, ‘ಶ್ರೀಲಿಪಿ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳು ಯುನಿಕೋಡ್ ಅಲ್ಲ. ಪರಿವರ್ತಕ ಹಾಕದೆ ನಕಲಿಸಿದರೆ ಬರುವುದು ಕಸ. ಪರಿವರ್ತಿಸಿದ ಮೇಲೂ ಒಂದು ಕಾಣದ ಗುಂಡಿ ಇದೆ. ‘ಕೇ’ಯಲ್ಲಿನ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಸಂಕೇತ ಹಾಗೂ ದೀರ್ಘದ ಸಂಕೇತ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಾಟದಲ್ಲಿ ಹೊಂದುವುದಿಲ್ಲ. ಹುಡುಕುವ ಮುನ್ನ ಇಡೀ ಕಡತವನ್ನು ಯುನಿಕೋಡ್‌ನ ಸಂಯುಕ್ತ ರೂಪಕ್ಕೆ ತರಬೇಕು. ಇದನ್ನು ಮಾಡದೆ ‘ನಮ್ಮ ಜಿಲ್ಲೆಯಲ್ಲಿ ಒಬ್ಬನೂ ಇಲ್ಲ’ ಎಂದವರ ಮಾತು ನಂಬಬೇಡಿ.

ಇಂಗ್ಲಿಷ್ ಪಟ್ಟಿಯಾದರೆ ಲಕಾರದ ಮುಂದೆ ‘ಎ’, ‘ಐ’, ‘ಇ’ ಮೂರೂ ಸ್ವರಾಕ್ಷರ, ಕೊನೆಯಲ್ಲಿ ‘ಎಸ್‌ಎಚ್‌ಐ’ ಅಥವಾ ಬರೀ ‘ಎಸ್‌ಐ’. ಆರು ರೂಪಗಳಾದವು. ಇವನ್ನೆಲ್ಲ ಕೂಡಿಸದೆ ಎಣಿಸಿದರೆ ಒಂದು ಹೆಸರು ಆರು ಚೂರಾಗಿ, ಇರುವುದಕ್ಕಿಂತ ಅಪರೂಪವಾಗಿ ಕಾಣುತ್ತದೆ.

ಎರಡು ಬಲೆಗಳು. ಬೆಂಗಳೂರಿನ ಫ್ರೇಜರ್ ಟೌನಿಗೆ ಪುಲಕೇಶಿನಗರ ಎಂದು ಹೆಸರು, ವಿಧಾನಸಭಾ ಕ್ಷೇತ್ರವೂ ಅದೇ. ವಿಳಾಸದ ಸಾಲು ತೆಗೆಯದಿದ್ದರೆ ಬೆಂಗಳೂರಿನ ಅಂಕಿ ಸುಳ್ಳಾಗಿ ಉಬ್ಬುತ್ತದೆ. ಇನ್ನೊಂದು ‘ಪುಲಕೇಶ್’. ಇದು ಅಸ್ಸಾಂ, ಬಂಗಾಳದಲ್ಲಿ ಇರುವ ಹೆಸರು, ಪುಲಕ + ಈಶ. ಬಾದಾಮಿಗೂ ಅದಕ್ಕೂ ಸಂಬಂಧವಿಲ್ಲ. ಕರ್ನಾಟಕದ ಪಟ್ಟಿಯಲ್ಲಿ ಪುಲಕೇಶ್ ಸಿಕ್ಕಿದರೆ ತಂದೆಯ ಹೆಸರನ್ನೂ ನೋಡಿ ತೀರ್ಮಾನಿಸಬೇಕು. ನಮ್ಮವರು ಪುಲಕೇಶಿಯನ್ನು ಮೊಟಕು ಮಾಡಿಯೂ ಪುಲಕೇಶ್ ಎಂದು ಬರೆಸುತ್ತಾರೆ.

ಪಂಚಾಂಗದ ಪುಟ

ಅಪರೂಪಕ್ಕೆ ಇನ್ನೊಂದು ಕಾರಣ ಯಾರೂ ಹೇಳಲಿಲ್ಲ. ಜನ್ಮಾಕ್ಷರ ನೋಡಿ ಹೆಸರಿಡುವ ಮನೆಗಳಲ್ಲಿ ‘ಪು’ ಬರುವುದು ಹಸ್ತಾ ನಕ್ಷತ್ರದ ಮೊದಲ ಪಾದಕ್ಕೆ ಮಾತ್ರ. 27 ನಕ್ಷತ್ರ, ನಾಲ್ಕು ಪಾದ, 108ರಲ್ಲಿ ಒಂದು. ಹಸ್ತಾದ ಉಳಿದ ಪಾದಗಳ ಅಕ್ಷರ ಷ, ಣ, ಠ. ಇವುಗಳಿಂದ ಹೆಸರು ಹುಡುಕುವುದು ಕಷ್ಟವಾದ್ದರಿಂದ ಆ ಮೂರು ಪಾದದವರೂ ‘ಪು’ ಕಡೆಗೇ ವಾಲುವುದುಂಟು. ಆದರೂ ಪುಲಕೇಶಿಗೆ ಸರದಿ ಬರುವುದಿಲ್ಲ. ಪುರುಷೋತ್ತಮ, ಪುರಂದರ, ಪುಂಡಲೀಕ ಎಲ್ಲ ದೇವರಿಗೋ ದಾಸರಿಗೋ ಸೇರಿದ ಹೆಸರು, ಪುನೀತ್ ಅಂತೂ ಕೇಳುವುದೇ ಬೇಡ. ಪುಲಕೇಶಿಯಲ್ಲಿ ದೇವರಿಲ್ಲ. ಮನೆದೇವರ ಹೆಸರು, ಅಜ್ಜನ ಹೆಸರು, ನಕ್ಷತ್ರದ ಹೆಸರು, ಈ ಮೂರು ಬಾಗಿಲಲ್ಲಿ ಯಾವುದರಿಂದಲೂ ಅದು ಸಲೀಸಾಗಿ ಒಳಬರುವುದಿಲ್ಲ.

‘ಪೊಲೆಕೇಶಿ’ ಎಂದು ಶಾಸನದ ರೂಪವನ್ನೇ ಇಡುತ್ತೇನೆ ಎನ್ನುವವರಿದ್ದರೆ ಅಕ್ಷರ ‘ಪೊ’ ಆಗುತ್ತದೆ, ಅದು ಚಿತ್ತಾ ಎರಡನೇ ಪಾದ. ಮಲಪ್ರಭೆಯವರು ಹೇಳಿದ ಕಾರಣಕ್ಕೆ ಆ ರೂಪ ಬೇಡ ಎಂದೇ ನನ್ನ ಸಲಹೆ.

ಕಾಗುಣಿತ

ಮಯೂರಕ್ಕೂ ಆ ಮೂರು ಬಾಗಿಲಿಲ್ಲವಲ್ಲ?

ಪಂಚಾಂಗದ ಪುಟ

ಮೂರೇ ಅಕ್ಷರ, ನವಿಲು ಎಂದು ಎಲ್ಲರಿಗೂ ಗೊತ್ತು, ಕೂಗಲು ಹಗುರ. ಮೇಲೆ 1975ರ ರಾಜ್‌ಕುಮಾರ್ ಚಿತ್ರ. ಪುಲಕೇಶಿ ನಾಲ್ಕಕ್ಷರ, ಅರ್ಥ ಕೇಳಿದರೆ ಇಲ್ಲಿ ನಡೆದಷ್ಟು ಚರ್ಚೆ ನಡೆಸಬೇಕು.

ನೋಂದಣಿ ಮೇಜು

ಇಡುವುದೇ ಎಂದು ತೀರ್ಮಾನಿಸಿದವರಿಗೆ ಕಚೇರಿಯ ಕಡೆಯ ಮಾತು. ಜನನವನ್ನು 21 ದಿನದೊಳಗೆ ವರದಿ ಮಾಡಬೇಕು, ಹೆಸರು ಆಗಲೇ ಕೊಡಬೇಕೆಂದಿಲ್ಲ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ ತಡ ಶುಲ್ಕದೊಂದಿಗೆ 15 ವರ್ಷದವರೆಗೆ ಅವಕಾಶ. ಇಂಥ ಹೆಸರಿಗೆ ಅವಸರ ಮಾಡದೆ ಕಾಗುಣಿತ ಗಟ್ಟಿ ಮಾಡಿಕೊಂಡು ಬನ್ನಿ. ಒಮ್ಮೆ ದಾಖಲಾದ ಮೇಲೆ ತಿದ್ದುಪಡಿ ಬೇರೆಯೇ ಪ್ರಕ್ರಿಯೆ, ಕೇವಲ ‘ಮನಸ್ಸು ಬದಲಾಯಿತು’ ಎಂದರೆ ನಡೆಯುವುದಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ, ಆ ದಿನದಿಂದ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಚಾಲನಾ ಪರವಾನಗಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಬಿದ್ದ ತಪ್ಪು ಎಲ್ಲ ಕಡೆಗೂ ಹೋಗುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ.

ಸಾಮಾನ್ಯವಾಗಿ ಆಗುವ ತಪ್ಪುಗಳು: ‘ಪುಲಕೇಷಿ’ ಎಂದು ಷಕಾರ. ‘ಫುಲಕೇಶಿ’ ಎಂದು ಮಹಾಪ್ರಾಣ. ಇಂಗ್ಲಿಷ್ ಇತಿಹಾಸ ಪುಸ್ತಕ ನೋಡಿ ‘ಪುಲಕೇಶಿನ್’ ಎಂದು ಬರೆಸುವುದು. ಈ ಮೂರನೆಯದನ್ನು ಲಘುಗುರು ಅವರು ವಿವರಿಸಿಯಾರು.

ಲಘುಗುರು

ಪ್ರಾತಿಪದಿಕ, ಅಂದರೆ ವಿಭಕ್ತಿ ಸೇರದ ಮೂಲರೂಪ, ‘ಕೇಶಿನ್’, ಪ್ರಥಮಾ ಏಕವಚನ ‘ಕೇಶೀ’, ಕನ್ನಡಕ್ಕೆ ಬಂದಾಗ ‘ಕೇಶಿ’. ಯೋಗಿನ್ ಯೋಗಿಯಾಗುವ ಹಾಗೆ. ಮಗನನ್ನು ಯೋಗಿನ್ ಎಂದು ಕರೆಯುವುದಿಲ್ಲ ಎಂದಾದರೆ ಪುಲಕೇಶಿನ್ ಕೂಡ ಬೇಡ. ‘ಇಮ್ಮಡಿ’ಯನ್ನೂ ಹೆಸರಿಗೆ ಸೇರಿಸಬೇಡಿ, ಅದು ಎರಡನೆಯವನು ಎಂಬ ಎಣಿಕೆ. ಮನೆಯಲ್ಲಿ ಒಂದನೆಯವನು ಯಾರು ಎಂದು ಕೇಳುತ್ತಾರೆ.

ಮಲಪ್ರಭೆ

ಮನ್ಯಾಗ ಕರಿಯಾಕ ಏನ್ ಅನ್ನೂದ್ರೀ ಹಂಗಾರ? ಕೇಶಿ ಅಂದ್ರ ರಾಕ್ಷಸ ಆತು, ಪುಲಿ ಅಂದ್ರ ಪುಕ್ಕಟೆ ನಗೀತಾರ.

ಲಘುಗುರು

‘ಪುಲಕ’ ಎನ್ನಿ. ಅದಕ್ಕೆ ತಾನಾಗಿಯೇ ಒಳ್ಳೆಯ ಅರ್ಥವಿದೆ. ಮೂಲ ಹುಲಿಯೇ ಆಗಿದ್ದರೂ ಕರೆಯುವ ಹೆಸರಿಗೆ ಯಾರೂ ಪ್ರಸ್ತಾರ ಹಾಕಿ ನೋಡುವುದಿಲ್ಲ.

ಕಾಗುಣಿತ

ಇಷ್ಟು ಓದಿದ ಮೇಲೆ ಪ್ರಮಾಣಪತ್ರಕ್ಕೆ ಯಾವ ರೂಪ ಎಂದು ಕೇಳಿದರೆ?

ಮೇಗುಟಿ

ಪುಲಕೇಶಿ. ಚೀನೀ ಯಾತ್ರಿಕನ ಕಿವಿಗೆ ಬಿದ್ದದ್ದು ಅದಕ್ಕೇ ಹತ್ತಿರ, ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅದು, ಪುಲಕೇಶಿನಗರದ ಫಲಕದಲ್ಲೂ ಅದೇ. ಹುಲಿ ಎದ್ದು ಕಾಣಲೇಬೇಕು ಎನ್ನುವವರು ಪುಲಿಕೇಶಿ ಬರೆಸಲಿ, ಅದಕ್ಕೂ ಶಾಸನದ ಬೆಂಬಲ ಇದೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಇನ್ನೊಂದು ಆಗದಂತೆ ಮಾತ್ರ ನೋಡಿಕೊಳ್ಳಿ.

ನೋಂದಣಿ ಮೇಜು

ಅದೇ ಹೆಚ್ಚಾಗಿ ಆಗುವುದು. ನಮೂನೆಯಲ್ಲಿ ಎರಡೂ ಭಾಷೆಯ ಕಾಲಂ ನೀವೇ ದೊಡ್ಡ ಅಕ್ಷರದಲ್ಲಿ ತುಂಬಿ, ಬೇರೆಯವರಿಗೆ ಬಿಡಬೇಡಿ. ಗಣಕದಲ್ಲಿ ನಮೂದಾದ ಮೇಲೆ ಮುದ್ರಿಸುವ ಮೊದಲು ಪರದೆಯನ್ನು ತೋರಿಸಲು ಕೇಳಿ, ಲಕಾರದ ಮುಂದಿನ ಸ್ವರವನ್ನೂ ಶಕಾರವನ್ನೂ ನೋಡಿಕೊಳ್ಳಿ.